ವೆಬ್ ಆಪ್‌ನಲ್ಲಿ ಕನ್ನಡ ಸ್ಪೆಲ್‌ಚೆಕ್ ಕೈಕೊಟ್ಟಾಗ: ಕೆಂಪು ಗೆರೆ ನೋಡಿ ದೋಷ ಹುಡುಕುವ ಬಗೆ

ವೆಬ್ ಆಪ್‌ಗೆ ಕನ್ನಡ ಸ್ಪೆಲ್‌ಚೆಕ್ ಸೇರಿಸಿದ ಮೇಲೆ ಬರುವ ದೂರು ಸಾಮಾನ್ಯವಾಗಿ ಒಂದೇ ಧಾಟಿಯದು: "ನಿಮ್ಮ ನಿಘಂಟು ಸರಿಯಿಲ್ಲ, ಈ ಪದ ಸೇರಿಸಿ." ಪದ ಸೇರಿಸುವುದು ಸುಲಭವಾದ್ದರಿಂದ ಎಲ್ಲರೂ ಮೊದಲು ಅದಕ್ಕೇ ಕೈಹಾಕುತ್ತಾರೆ. ಆದರೆ ಕನ್ನಡದ ಮಟ್ಟಿಗೆ ಪದ ನಿಘಂಟಿನವರೆಗೆ ತಲುಪುವ ಮೊದಲೇ ಕೆಟ್ಟಿರುತ್ತದೆ. ಬರೆಯುವ ಪೆಟ್ಟಿಗೆಯಲ್ಲಿ ಸ್ಪೆಲ್‌ಚೆಕ್ ಆಫ್ ಆಗಿರಬಹುದು, ಪದವನ್ನು ನಡುವೆ ಕತ್ತರಿಸಿರಬಹುದು, ಕಣ್ಣಿಗೆ ಒಂದೇ ಎನಿಸುವ ಅಕ್ಷರ ಕಂಪ್ಯೂಟರಿಗೆ ಬೇರೆಯಾಗಿರಬಹುದು. ಆದ್ದರಿಂದ ಈ ಕೈಪಿಡಿಯಲ್ಲಿ ನಿಘಂಟಿನ ಸರದಿ ಕೊನೆಯ ಕಡೆಗೆ ಬರುತ್ತದೆ.

ಶುರುವಿಗೆ: ಗೆರೆ ಎಳೆಯುತ್ತಿರುವುದು ಯಾರು?

ವೆಬ್ ಪುಟದಲ್ಲಿ ಸ್ಪೆಲ್‌ಚೆಕ್ ಮೂರು ಕಡೆ ನಡೆಯಬಹುದು. ಬ್ರೌಸರೇ ಮಾಡಬಹುದು, ಪುಟದೊಳಗಿನ ಜಾವಾಸ್ಕ್ರಿಪ್ಟ್ ಲೈಬ್ರರಿ ಮಾಡಬಹುದು, ಪಠ್ಯವನ್ನು ಸರ್ವರಿಗೆ ಕಳಿಸಿ ಅಲ್ಲಿ ಮಾಡಿಸಬಹುದು. ಯಾವುದೆಂದು ತಿಳಿಯದೆ ರಿಪೇರಿಗೆ ಇಳಿದರೆ ದಿನವೆಲ್ಲ ಹೋಗುತ್ತದೆ.

ಕಂಡುಹಿಡಿಯಲು ಖರ್ಚಿಲ್ಲದ ಎರಡು ಉಪಾಯಗಳಿವೆ. ಒಂದು, ಏನೂ ಇಲ್ಲದ ಖಾಲಿ ಎಚ್‌ಟಿಎಂಎಲ್ ಪುಟದಲ್ಲಿ ಬರೀ ಒಂದು ಟೆಕ್ಸ್ಟ್‌ಏರಿಯಾ ಇಟ್ಟು ಅದೇ ವಾಕ್ಯ ಟೈಪ್ ಮಾಡಿ. ಅಲ್ಲಿಯೂ ಅದೇ ಗೆರೆ ಬಂದರೆ ಅದು ಬ್ರೌಸರಿನದು, ನಿಮ್ಮ ಕೋಡಿಗೆ ಸಂಬಂಧವಿಲ್ಲ. ಎರಡು, ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಫಲಕ ತೆರೆದಿಟ್ಟು ಟೈಪ್ ಮಾಡಿ. ಪ್ರತಿ ಪದಕ್ಕೂ ಒಂದು ಕೋರಿಕೆ ಹೊರಟರೆ ಕೆಲಸ ಸರ್ವರಿನಲ್ಲಿ ನಡೆಯುತ್ತಿದೆ. ಪುಟ ತೆರೆದಾಗ ಒಮ್ಮೆ ಮಾತ್ರ ದೊಡ್ಡ ಪದಪಟ್ಟಿಯ ಕಡತ ಇಳಿದರೆ ಲೈಬ್ರರಿ. ಎಕ್ಸ್‌ಟೆನ್ಷನ್‌ಗಳೂ ತಮ್ಮ ಪಾಡಿಗೆ ಗೆರೆ ಎಳೆಯುತ್ತವೆ, ಆದ್ದರಿಂದ ಈ ಪರೀಕ್ಷೆಯನ್ನು ಎಕ್ಸ್‌ಟೆನ್ಷನ್‌ಗಳಿಲ್ಲದ ಖಾಸಗಿ ಕಿಟಕಿಯಲ್ಲಿ ಮಾಡಿ.

ಬ್ರೌಸರ್ ತಾನು ಕಂಡ ತಪ್ಪುಗಳ ಪಟ್ಟಿಯನ್ನು ಪುಟದ ಸ್ಕ್ರಿಪ್ಟಿಗೆ ಕೊಡುವುದಿಲ್ಲ. "ಎಷ್ಟು ತಪ್ಪಿವೆ ಎಂದು ಬಟನ್ ಮೇಲೆ ತೋರಿಸಬೇಕು" ಎಂದು ಯಾರಾದರೂ ಕೇಳಿದರೆ ಬ್ರೌಸರಿನ ಸ್ಪೆಲ್‌ಚೆಕ್ ನಂಬಿ ಕೂರಬೇಡಿ. ಅದಕ್ಕೆ ಲೈಬ್ರರಿಯೋ ಸರ್ವರೋ ಬೇಕು.

"ಗೆರೆಯೇ ಬರುತ್ತಿಲ್ಲ"

ಪೆಟ್ಟಿಗೆಯೊಳಗೆ ಒಮ್ಮೆ ಕ್ಲಿಕ್ ಮಾಡಿ, ಬೇಕೆಂದೇ ತಪ್ಪಾದ ಇಂಗ್ಲಿಷ್ ಪದ ಬರೆದು, ಕೊನೆಗೆ ಸ್ಪೇಸ್ ಒತ್ತಿ. ಸ್ಕ್ರಿಪ್ಟ್ ತುಂಬಿಸಿದ ಹಳೆಯ ಪಠ್ಯವನ್ನು, ಬಳಕೆದಾರ ಅದನ್ನು ಮುಟ್ಟುವವರೆಗೆ, ಬ್ರೌಸರ್ ಪರೀಕ್ಷಿಸದೆ ಇರಬಹುದು. ಅದು ದೋಷವಲ್ಲ.

ಆಗಲೂ ಬರದಿದ್ದರೆ ಟ್ಯಾಗ್ ನೋಡಿ. ಸ್ಪೆಲ್‌ಚೆಕ್ ಎಂಬ ಆಟ್ರಿಬ್ಯೂಟ್ "ಟ್ರೂ" ಅಥವಾ "ಫಾಲ್ಸ್" ಎಂಬ ಬೆಲೆ ಪಡೆಯುತ್ತದೆ. ಬೆಲೆ ಬರೆಯದೆ ಖಾಲಿ ಬಿಟ್ಟರೆ "ಟ್ರೂ" ಎಂದೇ ಅರ್ಥ. ಟೆಂಪ್ಲೇಟ್‌ನಲ್ಲಿ ಯಾರೋ ಹೊರಗಿನ ಡಿವ್‌ಗೆ "ಫಾಲ್ಸ್" ಹಾಕಿಟ್ಟಿದ್ದರೆ ಒಳಗಿರುವ ಎಲ್ಲ ಪೆಟ್ಟಿಗೆಗಳಿಗೂ ಅದು ಇಳಿದು ಬರುತ್ತದೆ. ಪೆಟ್ಟಿಗೆಯನ್ನು ಮಾತ್ರ ನೋಡಬೇಡಿ, ಅದರ ಮೇಲಿನ ಪೀಳಿಗೆಯನ್ನೂ ನೋಡಿ. ಫೈರ್‌ಫಾಕ್ಸ್ ತಾನಾಗಿ ಪರೀಕ್ಷಿಸುವುದು ಹಲವು ಸಾಲುಗಳ ಪೆಟ್ಟಿಗೆಗಳನ್ನು ಮಾತ್ರ. ಒಂದೇ ಸಾಲಿನ ಇನ್‌ಪುಟ್‌ಗೆ "ಟ್ರೂ" ಎಂದು ನೀವೇ ಹೇಳಬೇಕು. ಕ್ರೋಮ್‌ನಲ್ಲಿ ಬಂದು ಫೈರ್‌ಫಾಕ್ಸ್‌ನಲ್ಲಿ ಬಾರದ ಗೆರೆಗೆ ಹೆಚ್ಚಾಗಿ ಇದೇ ಕಾರಣ.

ಮುಂದಿನದು ಎಡಿಟರ್, ಅಂದರೆ ಪುಟದಲ್ಲಿ ಅಳವಡಿಸುವ ಸಿದ್ಧ ಬರವಣಿಗೆ ಪೆಟ್ಟಿಗೆ. ಟೈನಿಎಂಸಿಇ ಬ್ರೌಸರಿನ ಸ್ಪೆಲ್‌ಚೆಕ್ಕನ್ನು ತಾನಾಗಿಯೇ ಆಫ್ ಮಾಡಿಡುತ್ತದೆ, ಅದರ ಬ್ರೌಸರ್-ಸ್ಪೆಲ್‌ಚೆಕ್ ಆಯ್ಕೆಯನ್ನು "ಟ್ರೂ" ಮಾಡಬೇಕು. ಸಿಕೆಎಡಿಟರ್ 4ರಲ್ಲಿ ಇದೇ ವಿಷಯ ತಿರುವುಮುರುವಾಗಿದೆ: "ಬ್ರೌಸರಿನದನ್ನು ತಡೆ" ಎಂಬ ಆಯ್ಕೆ ಮೊದಲಿನಿಂದಲೇ ಆನ್ ಇರುತ್ತದೆ, ಅದನ್ನು ಆಫ್ ಮಾಡಬೇಕು. ಕೋಡ್‌ಮಿರರ್ 5 ಡೆಸ್ಕ್‌ಟಾಪ್‌ನಲ್ಲಿ ಕಣ್ಣಿಗೆ ಕಾಣದ ಟೆಕ್ಸ್ಟ್‌ಏರಿಯಾದಲ್ಲಿ ಅಕ್ಷರ ಹಿಡಿದು ಬೇರೆಡೆ ಚಿತ್ರಿಸುತ್ತದೆ. ಬ್ರೌಸರ್ ಗೆರೆ ಎಳೆದರೂ ಅದು ಆ ಅಡಗಿದ ಪೆಟ್ಟಿಗೆಯಲ್ಲಿರುತ್ತದೆ. ಇನ್‌ಪುಟ್‌ಸ್ಟೈಲ್ ಆಯ್ಕೆಯನ್ನು ಕಂಟೆಂಟ್‌ಎಡಿಟಬಲ್‌ಗೆ ಬದಲಿಸಿ, ಅದರ ಸ್ಪೆಲ್‌ಚೆಕ್ ಆಯ್ಕೆಯನ್ನೂ "ಟ್ರೂ" ಮಾಡಿದರೆ ಸರಿಹೋಗುತ್ತದೆ. ಕ್ಯಾನ್‌ವಾಸ್ ಮೇಲೆ ಅಕ್ಷರ ಬರೆಯುವ ಎಡಿಟರ್ ನಿಮ್ಮದಾಗಿದ್ದರೆ ಬ್ರೌಸರಿನ ಆಸೆಯನ್ನೇ ಬಿಡಿ; ಅದಕ್ಕೆ ಅಲ್ಲಿರುವುದು ಅಕ್ಷರವಲ್ಲ, ಚಿತ್ರ.

"ಇಂಗ್ಲಿಷಿಗೆ ಬರುತ್ತದೆ, ಕನ್ನಡಕ್ಕೆ ಬರುವುದಿಲ್ಲ" ಅಥವಾ "ಕನ್ನಡವೆಲ್ಲ ಕೆಂಪು"

ಎರಡಕ್ಕೂ ಬೇರು ಒಂದೇ: ಕನ್ನಡ ನಿಘಂಟು ಸಿಕ್ಕಿಲ್ಲ. ಕನ್ನಡದ ನಿಘಂಟು ಇಲ್ಲದಿದ್ದಾಗ ಕ್ರೋಮ್ ಕನ್ನಡ ಪದಗಳನ್ನು ಮುಟ್ಟದೆ ದಾಟಿಹೋಗುತ್ತದೆ. ಫೈರ್‌ಫಾಕ್ಸ್ ಇಂಗ್ಲಿಷ್ ನಿಘಂಟನ್ನೇ ಹಿಡಿದುಕೊಂಡು ಕನ್ನಡವನ್ನೆಲ್ಲ ತಪ್ಪೆಂದು ತೋರಿಸಬಹುದು.

ಮೊದಲು ಬ್ರೌಸರ್ ಸೆಟ್ಟಿಂಗ್‌ನಲ್ಲಿ ಭಾಷೆಗಳ ಪುಟ ತೆರೆದು ಸ್ಪೆಲ್‌ಚೆಕ್ ಪಟ್ಟಿಯಲ್ಲಿ ಕನ್ನಡ ಇದೆಯೇ ನೋಡಿ. ಮೆನುಗಳು ಕನ್ನಡದಲ್ಲಿ ಕಾಣುವುದಕ್ಕೂ ಸ್ಪೆಲ್‌ಚೆಕ್ ಪಟ್ಟಿಯಲ್ಲಿ ಕನ್ನಡ ಇರುವುದಕ್ಕೂ ಸಂಬಂಧವಿಲ್ಲ, ಇಲ್ಲಿ ಎಡವುವವರು ಬಹಳ. ಕ್ರೋಮ್ ಕೆಲವು ಕಡೆ ತನ್ನದೇ ನಿಘಂಟು ಬಳಸುತ್ತದೆ, ಮ್ಯಾಕ್‌ನಲ್ಲಿ ಆಪರೇಟಿಂಗ್ ಸಿಸ್ಟಮ್‌ನದನ್ನು ಬಳಸುತ್ತದೆ. ಹಾಗಾಗಿ ಒಂದು ಯಂತ್ರದಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣದಿರಬಹುದು. ಫೈರ್‌ಫಾಕ್ಸ್‌ನಲ್ಲಿ ಪೆಟ್ಟಿಗೆಯ ಮೇಲೆ ರೈಟ್ ಕ್ಲಿಕ್ ಮಾಡಿದರೆ ಭಾಷೆ ಆರಿಸುವ, ನಿಘಂಟು ಸೇರಿಸುವ ಆಯ್ಕೆ ಸಿಗುತ್ತದೆ.

ಪುಟದ ಕಡೆಯಿಂದ ನೀವು ಮಾಡಬಹುದಾದ್ದು ಲ್ಯಾಂಗ್ ಆಟ್ರಿಬ್ಯೂಟ್‌ಗೆ ಕನ್ನಡದ ಸಂಕೇತವಾದ "ಕೆಎನ್" (kn) ಎಂದು ಬರೆಯುವುದು. ಫೈರ್‌ಫಾಕ್ಸ್ ನಿಘಂಟು ಆರಿಸುವಾಗ ಅದನ್ನು ಗಮನಿಸುತ್ತದೆ. ಕ್ರೋಮ್ ಬಳಕೆದಾರನ ಸೆಟ್ಟಿಂಗ್‌ನ ಮಾತು ಕೇಳುತ್ತದೆ. ಬಳಕೆದಾರ ನಿಮ್ಮ ತಾಣದಲ್ಲಿ ಹಿಂದೊಮ್ಮೆ ಕೈಯಾರೆ ಇಂಗ್ಲಿಷ್ ಆರಿಸಿದ್ದರೆ ಫೈರ್‌ಫಾಕ್ಸ್ ಅದನ್ನು ನೆನಪಿಟ್ಟುಕೊಂಡಿರುತ್ತದೆ. "ನನ್ನ ಕಂಪ್ಯೂಟರಿನಲ್ಲಿ ಮಾತ್ರ ಹೀಗೆ" ಎನ್ನುವವರ ಬಳಿ ಇದನ್ನು ಕೇಳಿ.

ಇಷ್ಟೆಲ್ಲ ಆದರೂ ಒಂದು ಮಾತು: ಬಳಕೆದಾರರ ಬ್ರೌಸರಿನಲ್ಲಿ ಕನ್ನಡ ನಿಘಂಟು ಇರುತ್ತದೆ ಎಂಬ ಭರವಸೆಯ ಮೇಲೆ ಆಪ್ ಕಟ್ಟಬಾರದು. ಕನ್ನಡ ಪರೀಕ್ಷೆ ನಿಜವಾಗಿ ಬೇಕಿದ್ದರೆ ನಿಘಂಟನ್ನು ನೀವೇ ಹೊತ್ತು ತರಬೇಕು. ಹನ್‌ಸ್ಪೆಲ್ ಎಂಬ ಮುಕ್ತ ಸ್ಪೆಲ್‌ಚೆಕ್ ತಂತ್ರಾಂಶದ ಮಾದರಿಯ ಕನ್ನಡ ನಿಘಂಟು ಮುಕ್ತವಾಗಿ ಸಿಗುತ್ತದೆ. ಫೆಡೋರಾ ಲಿನಕ್ಸ್‌ನಲ್ಲಿ ಅದರ ಪ್ಯಾಕೇಜ್ ಹೆಸರು ಹನ್‌ಸ್ಪೆಲ್-ಕೆಎನ್. ಒಳಗೆ ಎರಡು ಕಡತಗಳಿರುತ್ತವೆ: ಪದಗಳಿರುವ ಡಿಕ್ (.dic) ಕಡತ, ಪ್ರತ್ಯಯದ ನಿಯಮಗಳಿರುವ ಆಫ್ (.aff) ಕಡತ.

ನಿಮ್ಮದೇ ನಿಘಂಟು ಹಾಕಿದ ಮೇಲೂ ಕನ್ನಡವೆಲ್ಲ ಕೆಂಪಾದರೆ ಆ ಕಡತಗಳು ನಿಜವಾಗಿ ಇಳಿದಿವೆಯೇ ನೋಡಿ. ನೆಟ್‌ವರ್ಕ್ ಫಲಕದಲ್ಲಿ 200 (ಕಡತ ಸಿಕ್ಕಿತು ಎಂಬ ಸಂಕೇತ) ಕಂಡೊಡನೆ ಸಮಾಧಾನಪಡಬೇಡಿ, ಒಳಗೇನಿದೆ ಓದಿ. ಸಿಂಗಲ್ ಪೇಜ್ ಆಪ್‌ಗಳಲ್ಲಿ ಇಲ್ಲದ ಕಡತ ಕೇಳಿದರೂ ಸರ್ವರ್ ಮುಖಪುಟದ ಎಚ್‌ಟಿಎಂಎಲ್ ಕೊಟ್ಟು 200 ಎನ್ನುತ್ತದೆ. ಲೈಬ್ರರಿ ಅದನ್ನೇ ನಿಘಂಟೆಂದು ನುಂಗುತ್ತದೆ. ಮೈಕ್ರೋಸಾಫ್ಟ್‌ನ ಐಐಎಸ್ ಸರ್ವರಿನಲ್ಲಿ ಗುರುತಿಲ್ಲದ ಕಡತ ವಿಸ್ತರಣೆಗೆ 404.3 ಎಂಬ ದೋಷ ಬರುತ್ತದೆ, ಡಿಕ್, ಆಫ್ ಎರಡಕ್ಕೂ ಮೈಮ್ ಟೈಪ್ ಸೇರಿಸಬೇಕು. ಆಫ್ ಕಡತದಲ್ಲಿ ಸೆಟ್ ಎಂಬ ಸಾಲಿನ ಮುಂದೆ ಯುಟಿಎಫ್-8 ಎಂದಿರಬೇಕು. ಸರ್ವರಿನಲ್ಲಿ ಹನ್‌ಸ್ಪೆಲ್ ಇದ್ದರೆ ಆದೇಶ ಸಾಲಿನಲ್ಲಿ ಅದಕ್ಕೆ ದೊಡ್ಡಕ್ಷರದ ಡಿ ಆಯ್ಕೆ ಕೊಡಿ. ಎಲ್ಲೆಲ್ಲಿ ಹುಡುಕಿತು, ಯಾವ ನಿಘಂಟು ಸಿಕ್ಕಿತು ಎಂದು ಅದೇ ಹೇಳುತ್ತದೆ.

"ರೈಟ್ ಕ್ಲಿಕ್ ಮಾಡಿದರೆ ಸರಿಯಾದ ಪದ ತೋರಿಸುವುದಿಲ್ಲ"

ಗೆರೆ ಬಂದು ಸಲಹೆ ಬಾರದಿದ್ದರೆ ಎಡಿಟರಿನ ಸ್ವಂತ ಮೆನು ಬ್ರೌಸರಿನ ಮೆನುವನ್ನು ಮುಚ್ಚಿಹಾಕಿದೆ. ಟೈನಿಎಂಸಿಇ, ಸಿಕೆಎಡಿಟರ್ 4 ಎರಡರಲ್ಲೂ ಕಂಟ್ರೋಲ್ ಒತ್ತಿಹಿಡಿದು ರೈಟ್ ಕ್ಲಿಕ್ ಮಾಡಿದರೆ ಬ್ರೌಸರಿನದು ಸಿಗುತ್ತದೆ. ಬಳಕೆದಾರರಿಗೆ ಇದನ್ನು ಕಲಿಸುವುದಕ್ಕಿಂತ ಎಡಿಟರಿನ ಮೆನು ತೆಗೆದುಹಾಕುವುದೇ ವಾಸಿ.

"ಪದದ ಅರ್ಧಕ್ಕೆ ಮಾತ್ರ ಗೆರೆ"

"ಕನ್ನಡ" ಎಂದು ಬರೆದರೆ "ಕನ" ಒಂದು ತುಂಡು, "ನಡ" ಇನ್ನೊಂದು ತುಂಡಾಗಿ ಗೆರೆ ಬಿದ್ದಿದ್ದರೆ ಬೇರೇನೂ ಹುಡುಕಬೇಡಿ, ಪದ ಕತ್ತರಿಸುವ ರೆಗ್ಯುಲರ್ ಎಕ್ಸ್‌ಪ್ರೆಶನ್ನೇ (ಅಕ್ಷರಗಳ ಮಾದರಿ ಹೇಳುವ ಸೂತ್ರ) ತಪ್ಪು. ಯೂನಿಕೋಡಿನ ಲೆಕ್ಕದಲ್ಲಿ ಕ, ನ, ಡ ಅಕ್ಷರಗಳು. ಕಾಗುಣಿತದ ಚಿಹ್ನೆಗಳು ಮತ್ತು ಹಲಂತ ಅಕ್ಷರಗಳಲ್ಲ, ಅವು "ಮಾರ್ಕ್" ಎಂಬ ಬೇರೆ ವರ್ಗ. "ಅಕ್ಷರ ಮಾತ್ರ" ಎಂದು ಬರೆದ ಮಾದರಿ ಪ್ರತಿ ಒತ್ತಕ್ಷರದ ಬಳಿ, ಪ್ರತಿ ಗುಣಿತದ ಬಳಿ ಕತ್ತರಿ ಹಾಕುತ್ತದೆ. ಜಾವಾಸ್ಕ್ರಿಪ್ಟಿನ ಹಳೆಯ ಪದಗಡಿಯ ಗುರುತು ಇನ್ನೂ ಕಡೆ, ಅದಕ್ಕೆ ಇಂಗ್ಲಿಷ್ ಅಕ್ಷರಗಳಷ್ಟೇ ಗೊತ್ತು.

ಮಾದರಿಯೊಳಗೆ ಅಕ್ಷರ ವರ್ಗ, ಮಾರ್ಕ್ ವರ್ಗ, ಜೊತೆಗೆ ಕಣ್ಣಿಗೆ ಕಾಣದ ಎರಡು ಜೋಡಕಗಳನ್ನೂ (ಜೆಡ್‌ಡಬ್ಲ್ಯುಎನ್‌ಜೆ, ಜೆಡ್‌ಡಬ್ಲ್ಯುಜೆ) ಸೇರಿಸಿ, ಯೂನಿಕೋಡ್ ಫ್ಲ್ಯಾಗ್ ಹಾಕಿ. ಇನ್ನೂ ಒಳ್ಳೆಯ ದಾರಿ, ಪಠ್ಯವನ್ನು ಪದಗಳಾಗಿ ಬಿಡಿಸಲು ಬ್ರೌಸರಿನಲ್ಲೇ ಇರುವ ಇಂಟ್ಲ್ ಸೆಗ್ಮೆಂಟರ್. ಅದು ಈಗ ಕ್ರೋಮ್, ಸಫಾರಿ, ಫೈರ್‌ಫಾಕ್ಸ್ ಮೂರರಲ್ಲೂ ಇದೆ. ಫೈರ್‌ಫಾಕ್ಸ್‌ಗೆ ಬಂದದ್ದು 2024ರಲ್ಲಿ. ಸರಿಹೋಯಿತೇ ಎಂದು ನೋಡಲು "ಸಾಫ್ಟ್‌ವೇರ್", "ರ‍್ಯಾಂಕ್", "ದುಃಖ" ಈ ಮೂರು ಪದ ಸಾಕು. ಮೂರೂ ಇಡಿಯಾಗಿ ಉಳಿದರೆ ಮುಂದೆ ಹೋಗಿ.

"ಒಂದೇ ಪದ ಇಲ್ಲಿ ಸರಿ, ಅಲ್ಲಿ ತಪ್ಪು"

ಕನ್ನಡದಲ್ಲಿ ಅತಿ ಹೆಚ್ಚು ತಲೆ ತಿನ್ನುವ ದೂರು ಇದು. ಬಳಕೆದಾರರು ಎರಡು ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಎರಡರಲ್ಲೂ ಅದೇ ಪದ, ಒಂದರ ಕೆಳಗೆ ಮಾತ್ರ ಗೆರೆ. ಸ್ಕ್ರೀನ್‌ಶಾಟ್ ನೋಡಿ ಇದನ್ನು ಬಗೆಹರಿಸಲು ಆಗುವುದೇ ಇಲ್ಲ, ಏಕೆಂದರೆ ವ್ಯತ್ಯಾಸ ಇರುವುದು ಕಣ್ಣಿಗೆ ಕಾಣದ ಕಡೆ. ಪಠ್ಯವನ್ನೇ ಕಾಪಿ ಮಾಡಿ ಕಳಿಸಲು ಹೇಳಿ, ಬ್ರೌಸರ್ ಕನ್ಸೋಲಿನಲ್ಲಿ ಚಾರ್‌ಕೋಡ್‌ಅಟ್ ಬಳಸಿ ಒಂದೊಂದು ಅಕ್ಷರದ ಅಂಕೆ ಹೊರತೆಗೆಯಿರಿ. ಅಂಕೆ ಸುಳ್ಳು ಹೇಳುವುದಿಲ್ಲ.

"ಬೆ೦ಗಳೂರು" ಕೆಂಪಾಗಿ "ಬೆಂಗಳೂರು" ಸರಿಯಾಗಿದ್ದರೆ ಸೊನ್ನೆಯ ಜಾಗ ನೋಡಿ. 3202 ಬಂದರೆ ಅನುಸ್ವಾರ, 3302 ಬಂದರೆ ಕನ್ನಡ ಅಂಕಿ ಸೊನ್ನೆ. ಹಳೆಯ ಕಡತಗಳಲ್ಲಿ ಅಂಕಿ ಸೊನ್ನೆಯನ್ನೇ ಅನುಸ್ವಾರವಾಗಿ ಬಳಸಿದ ಪಠ್ಯ ರಾಶಿಗಟ್ಟಲೆ ಇದೆ. ಇದರ ತಮ್ಮನೇ ವಿಸರ್ಗ: "ದುಃಖ"ದ ವಿಸರ್ಗ 3203, ಆದರೆ ಅನೇಕರು ಕೋಲನ್ ಒತ್ತಿ ಮುಂದೆ ಹೋಗುತ್ತಾರೆ, ಅದು 58. ಕೋಲನ್ ಬಂದ ಕಡೆ ಪದ ಎರಡು ಹೋಳಾಗುತ್ತದೆ.

ಇನ್ನು ಗುಣಿತ. "ಕೊ" ಎಂಬುದರ ಒತ್ವ ಒಂದೇ ಚಿಹ್ನೆಯಾಗಿ 3274 ಆಗಿರಬಹುದು, ಇಲ್ಲವೇ ಎತ್ವವೂ ಊತ್ವವೂ ಸೇರಿ 3270, 3266 ಎಂದು ಎರಡಾಗಿರಬಹುದು. ಓತ್ವ, ಈತ್ವ, ಏತ್ವ, ಐತ್ವಗಳಿಗೂ ಇದೇ ಕಥೆ. ಯೂನಿಕೋಡ್ ಇವೆರಡನ್ನೂ ಸಮಾನ ಎನ್ನುತ್ತದೆ, ಹನ್‌ಸ್ಪೆಲ್ ಮಾತ್ರ ಇದ್ದದ್ದನ್ನು ಇದ್ದಂತೆ ಹೋಲಿಸುತ್ತದೆ. ಮದ್ದು ಒಂದೇ ಸಾಲು: ಪರೀಕ್ಷೆಗೆ ಮುಂಚೆ ಪಠ್ಯಕ್ಕೆ ನಾರ್ಮಲೈಸ್ ಕರೆದು, ಇಂಥ ಬಿಡಿ ಚಿಹ್ನೆಗಳನ್ನು ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ನಿಘಂಟಿನ ಕಡತಕ್ಕೂ ಒಮ್ಮೆ ಇದನ್ನು ಮಾಡಿಡಿ. ಒಂದು ಬದಿಗೆ ಮಾತ್ರ ಮಾಡಿದರೆ ನಿನ್ನೆ ಸರಿಯಿದ್ದ ಪದಗಳು ಇಂದು ಕೆಂಪಾಗುತ್ತವೆ. ಎನ್‌ಎಫ್‌ಸಿ ಸೊನ್ನೆ-ಅನುಸ್ವಾರದ ಗೊಂದಲ ಬಿಡಿಸುವುದಿಲ್ಲ. ಅದಕ್ಕೆ ನೀವೇ ನಿಯಮ ಬರೆಯಬೇಕು. ಕನ್ನಡ ಅಕ್ಷರದ ಅಥವಾ ಗುಣಿತ ಚಿಹ್ನೆಯ ನಂತರವೇ 3302 ಬಂದರೆ 3202 ಎಂದು ತಿಳಿ, ಅಂಕಿಗಳ ನಡುವೆ ಬಂದರೆ ಮುಟ್ಟಬೇಡ ಎಂದು.

ಕೊನೆಯದು ಜೋಡಕ. "ಫೇಸ್‌ಬುಕ್", "ಸಾಫ್ಟ್‌ವೇರ್" ಬರೆಯುವಾಗ ಕೆಲವರು ನಡುವೆ ಜೆಡ್‌ಡಬ್ಲ್ಯುಎನ್‌ಜೆ ಹಾಕುತ್ತಾರೆ (8204), ಕೆಲವರು ಹಾಕದೆ "ಫೇಸ್ಬುಕ್" ಎನ್ನುತ್ತಾರೆ. "ರ‍್ಯಾಂಕ್" ಎಂಬಲ್ಲಿ ಅರ್ಕಾವೊತ್ತು ಬಾರದಂತೆ ತಡೆಯಲು ಜೆಡ್‌ಡಬ್ಲ್ಯುಜೆ ಇರುತ್ತದೆ (8205). ಹೋಲಿಸುವಾಗ ಎರಡೂ ಕಡೆಯಿಂದ ಇವನ್ನು ಕಿತ್ತುಹಾಕಿದರೆ ಬಹುಪಾಲು ಜಗಳ ಮುಗಿಯುತ್ತದೆ. ಆಫ್ ಕಡತದಲ್ಲಿ, ಬಂದ ಪಠ್ಯದ ಗುರುತುಗಳನ್ನು ಬದಲಿಸುವ ಐಕಾನ್ವ್ ಸಾಲುಗಳಿಂದಲೂ ಇದನ್ನು ಮಾಡಿಸಬಹುದು. ಆದರೆ ಕಿತ್ತುಹಾಕುವುದು ಹೋಲಿಕೆಗೆ ತೆಗೆದ ಪ್ರತಿಯಲ್ಲಿ ಮಾತ್ರ. ಬಳಕೆದಾರ ಬರೆದ ಮೂಲ ಪಠ್ಯದಿಂದ ತೆಗೆದರೆ "ರ‍್ಯಾಂಕ್" ಹೋಗಿ "ರ್ಯಾಂಕ್" ಆಗಿಬಿಡುತ್ತದೆ, ಉಳಿಸಿದ ಮೇಲೆ ಹಿಂದಕ್ಕೆ ತರಲು ಆಗುವುದಿಲ್ಲ.

ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಪಠ್ಯವನ್ನು ಅಂಟಿಸಿದರೆ ಅಲ್ಲಿ ಕನ್ನಡವೇ ಇರುವುದಿಲ್ಲ. ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಕಿಚಡಿ ಕಾಣುತ್ತದೆ, ಅಂಕೆಗಳು 256ರ ಆಸುಪಾಸಿನಲ್ಲೋ ಕೆಳಗೋ ಇರುತ್ತವೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ ತರಲು ಹೇಳಿ. ಅದಕ್ಕೆ ಸ್ಪೆಲ್‌ಚೆಕ್ ಓಡಿಸಿ ಪ್ರಯೋಜನವಿಲ್ಲ.

"'ಮನೆ' ಸರಿ, 'ಮನೆಯಲ್ಲಿಯೂ' ತಪ್ಪು"

ಈಗ ನಿಘಂಟಿನ ಸರದಿ. ಮೂಲಪದ ಒಪ್ಪಿ, ಪ್ರತ್ಯಯ ಹಚ್ಚಿದೊಡನೆ ಕೆಂಪಾದರೆ ಪದ ಸೇರಿಸುವುದರಿಂದ ಉಪಯೋಗವಿಲ್ಲ, ಆಫ್ ಕಡತದ ನಿಯಮ ಸಾಲದು. ಪದವನ್ನು ಹಂತಹಂತವಾಗಿ ಬರೆದು ನೋಡಿ: ಮನೆ, ಮನೆಯಲ್ಲಿ, ಮನೆಗಳಲ್ಲಿ, ಮನೆಗಳಲ್ಲಿಯೂ. ಎಲ್ಲಿ ಕೆಂಪು ಹತ್ತುತ್ತದೋ ಆ ಕೊಂಡಿ ತುಂಡಾಗಿದೆ.

ಹನ್‌ಸ್ಪೆಲ್ ಪದದ ತುದಿಯಿಂದ ಎರಡು ಪ್ರತ್ಯಯ ಬಿಚ್ಚಬಲ್ಲದು. ಕನ್ನಡಕ್ಕೆ ಬಹುವಚನ, ವಿಭಕ್ತಿ, ಆಮೇಲೆ "ಊ", "ಏ", "ಓ" ಎಂದು ಮೂರು ಪದರ ಬೇಕು. ಆದ್ದರಿಂದ ಬಹುವಚನ ಮತ್ತು ವಿಭಕ್ತಿಯನ್ನು ಒಂದೇ ಪ್ರತ್ಯಯವಾಗಿ ಬೆಸೆದು ("ಗಳಲ್ಲಿ", "ಗಳಿಂದ"), ಅದರ ಬಾಲಕ್ಕೆ ಎರಡನೆಯ ನಿಯಮದ ಫ್ಲ್ಯಾಗ್ (ಯಾವ ನಿಯಮ ಹಚ್ಚಬೇಕೆಂದು ಹೇಳುವ ಗುರುತು) ಕಟ್ಟಬೇಕು. ಆ ಫ್ಲ್ಯಾಗ್ ಮರೆತರೆ "ಮನೆಗಳಲ್ಲಿ" ಸರಿ, "ಮನೆಗಳಲ್ಲಿಯೂ" ತಪ್ಪು.

ನಿಯಮ ಬರೆಯುವಾಗ ಆಗುವ ಇನ್ನೊಂದು ಎಡವಟ್ಟು: "ಊರು" ಎಂಬುದರಿಂದ "ಊರಿನಲ್ಲಿ" ಆಗಬೇಕಾದರೆ ಉಕಾರದ ಗುಣಿತ ಚಿಹ್ನೆ ತೆಗೆದು ಇಕಾರದ ಗುಣಿತ ಚಿಹ್ನೆ ಹಚ್ಚಬೇಕು. ಬಿಡಿ ಸ್ವರ "ಇ" ಹಾಕಿದರೆ ಹನ್‌ಸ್ಪೆಲ್ "ಊರಇನಲ್ಲಿ" ಎಂದು ಕಟ್ಟಿಕೊಂಡು ಕೂರುತ್ತದೆ. ಎಡಿಟರಿನಲ್ಲಿ ಗುಣಿತ ಚಿಹ್ನೆ ಒಂಟಿಯಾಗಿ ಚುಕ್ಕಿ ವೃತ್ತದ ಜೊತೆ ವಿಕಾರವಾಗಿ ಕಾಣುತ್ತದೆ, ಅದನ್ನು "ಸರಿಪಡಿಸಲು" ಹೋಗುವವರಿಂದಲೇ ಈ ದೋಷ ಹುಟ್ಟುವುದು.

ತಪ್ಪನ್ನು ಸರಿ ಎನ್ನುವ ದೋಷವೂ ಇಲ್ಲೇ ಇದೆ. "ಹುಡುಗ", "ಮರ" ಎರಡೂ ಅಕಾರದಲ್ಲೇ ಮುಗಿಯುತ್ತವೆ, ಆದರೆ ಒಂದು "ಹುಡುಗನಿಗೆ", ಇನ್ನೊಂದು "ಮರಕ್ಕೆ". ಪದದ ಕೊನೆ ನೋಡಿ ಹನ್‌ಸ್ಪೆಲ್‌ಗೆ ಇದು ತಿಳಿಯದು. ಪುಲ್ಲಿಂಗ, ನಪುಂಸಕಲಿಂಗಕ್ಕೆ ಬೇರೆ ಫ್ಲ್ಯಾಗ್ ಡಿಕ್ ಕಡತದಲ್ಲೇ ಇರಬೇಕು. "ಮರನಿಗೆ" ಎಂದು ಬರೆದು ನೋಡಿ. ಗೆರೆ ಬಾರದಿದ್ದರೆ ಫ್ಲ್ಯಾಗ್ ಅದಲುಬದಲಾಗಿದೆ.

ಸಲಹೆಗಳು ಅಸಂಬದ್ಧವಾಗಿದ್ದರೆ ಆಫ್ ಕಡತದ ರೆಪ್ ಪಟ್ಟಿ ತುಂಬಿಸಿ. ನಾವು ತಪ್ಪುವ ಜಾಗಗಳು ಯಾರಿಗೂ ಹೊಸತಲ್ಲ: ಅಲ್ಪಪ್ರಾಣ-ಮಹಾಪ್ರಾಣ, ಶ-ಷ-ಸ, ನ-ಣ, ಲ-ಳ, ಅಕಾರ-ಹಕಾರ. ಈ ಜೋಡಿಗಳನ್ನು ಕೊಟ್ಟರೆ ಸಲಹೆಗಳ ಗುಣಮಟ್ಟ ತಕ್ಷಣ ಏರುತ್ತದೆ, ಹೊಸ ಪದಗಳನ್ನು ಸೇರಿಸುವುದಕ್ಕಿಂತ ಇದು ಅಗ್ಗ.

ಎಲ್ಲಿ ನಿಲ್ಲಬೇಕು? "ಬಂದಿದ್ದೇನೆಂದು", "ಮನೆಯಲ್ಲಿದ್ದವರಿಗೂ" ಇಂಥವು ಸಂಧಿಯಾಗಿ ಬೆಸೆದುಕೊಂಡ ಹಲವು ಪದಗಳು. ಇವನ್ನು ಆಫ್ ನಿಯಮಗಳಿಂದ ಪೂರ್ತಿ ಹಿಡಿಯಲು ಹೋದರೆ ನಿಯಮಗಳು ಬೆಳೆದು ತಪ್ಪು ಪದಗಳೂ ನುಸುಳುತ್ತವೆ. ಅಲ್ಲಿಂದಾಚೆ ಪದರಚನೆಯನ್ನು ವಿಶ್ಲೇಷಿಸುವ ಬೇರೆ ಬಗೆಯ ತಂತ್ರಾಂಶ ಬೇಕು, ಭಾಷಾಶಾಸ್ತ್ರ ಬಲ್ಲವರ ಜೊತೆ ಕೂರಬೇಕು. ಅಲ್ಲಿಯವರೆಗೆ ಬಹಳ ಉದ್ದದ ಪದ ನಿಘಂಟಿಗೆ ಸಿಗದಿದ್ದರೆ ಗೆರೆ ಎಳೆಯದೆ ಬಿಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಸರಿಯಾದ ಪದದ ಕೆಳಗೆ ಕೆಂಪು ಕಂಡ ಓದುಗ ಸ್ವಲ್ಪ ದಿನದಲ್ಲೇ ಎಲ್ಲ ಗೆರೆಗಳನ್ನೂ ಅಲಕ್ಷಿಸಲು ಕಲಿಯುತ್ತಾನೆ.

"ಗೆರೆ ಪಕ್ಕದ ಪದದ ಕೆಳಗೆ ಬೀಳುತ್ತಿದೆ"

ಎಷ್ಟು ಸರಿದಿದೆ ಎಂಬುದೇ ರೋಗ ಹೇಳುತ್ತದೆ. ಮುಂದೆ ಮುಂದೆ ಹೋದಂತೆ ಗೆರೆ ದೂರ ದೂರ ಓಡಿ, ಮೂರು ಪಟ್ಟು ಆಚೆ ಬೀಳುತ್ತಿದ್ದರೆ ಸರ್ವರ್ ಬೈಟ್ ಎಣಿಸುತ್ತಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆ 3 ಬೈಟ್. ಪಿಎಚ್‌ಪಿ, ಗೋ ಭಾಷೆಗಳಲ್ಲಿ ಇದು ಸಾಮಾನ್ಯ. ಎಲ್ಲ ಸರಿಯಿದ್ದು, ಎಮೋಜಿ ಬಂದ ಮೇಲೆ ಮಾತ್ರ ಗೆರೆ ಒಂದೇ ಸ್ಥಾನ ಹಿಂದೆ ಬಿದ್ದರೆ ಸರ್ವರ್ ಪೈಥಾನ್‌ನಂತೆ ಕೋಡ್ ಬಿಂದು ಎಣಿಸುತ್ತಿದೆ, ಬ್ರೌಸರ್ ಯುಟಿಎಫ್-16 ಎಣಿಸುತ್ತಿದೆ. ಬರೀ ಕನ್ನಡ ಪಠ್ಯದಲ್ಲಿ ಎರಡೂ ಎಣಿಕೆ ಒಂದೇ ಬರುವುದರಿಂದ ಈ ದೋಷ ಪರೀಕ್ಷೆಯಲ್ಲಿ ಸಿಗದೆ ಬಳಕೆದಾರರ ಕೈಯಲ್ಲಿ ಸಿಗುತ್ತದೆ. ಎನ್‌ಎಫ್‌ಸಿ ಅಥವಾ ಜೋಡಕ ತೆಗೆದ ಪ್ರತಿಯ ಮೇಲೆ ಎಣಿಸಿ ಮೂಲದ ಮೇಲೆ ಗೆರೆ ಎಳೆದರೂ ಹೀಗೇ ಆಗುತ್ತದೆ. ಮೂಲದ ಸ್ಥಾನಗಳ ನಕ್ಷೆ ಇಟ್ಟುಕೊಳ್ಳಬೇಕು.

ವೇಗವಾಗಿ ಟೈಪ್ ಮಾಡಿದಾಗ ಮಾತ್ರ ಗೆರೆ ತಪ್ಪಿದರೆ ಹಳೆಯ ಉತ್ತರ ತಡವಾಗಿ ಬರುತ್ತಿದೆ. ಹೊಸ ಕೋರಿಕೆ ಹೊರಟಾಗ ಹಳೆಯದನ್ನು ಅಬಾರ್ಟ್ ಮಾಡಿ.

"ಟೈಪ್ ಮಾಡಲಿಕ್ಕೇ ಆಗುತ್ತಿಲ್ಲ": ಕರ್ಸರ್ ಹಾರುತ್ತದೆ, ಪುಟ ಹೆಪ್ಪುಗಟ್ಟುತ್ತದೆ

ಕರ್ಸರ್ ಹಾರಿದರೆ, ಅನ್‌ಡೂ ಕೆಟ್ಟರೆ, ತಪ್ಪು ಪದದ ಸುತ್ತ ಸ್ಪ್ಯಾನ್ ಟ್ಯಾಗ್ ತುರುಕುತ್ತಿದ್ದೀರಿ ಎಂದರ್ಥ. ಡೇಟಾಬೇಸ್ ತೆರೆದು ನೋಡಿ, ಆ ಟ್ಯಾಗುಗಳು ಅಲ್ಲಿಗೂ ಹೋಗಿ ಕೂತಿರುತ್ತವೆ. ಸಿಎಸ್‌ಎಸ್ ಕಸ್ಟಮ್ ಹೈಲೈಟ್ ಎಪಿಐ ಪಠ್ಯವನ್ನು ಮುಟ್ಟದೆ ಗೆರೆ ಎಳೆಯುತ್ತದೆ. ಕ್ರೋಮ್‌ನಲ್ಲಿ 105ನೇ ಆವೃತ್ತಿಯಿಂದ, ಸಫಾರಿಯಲ್ಲಿ 17.2ರಿಂದ ಇದೆ. ಟೆಕ್ಸ್ಟ್‌ಏರಿಯಾದೊಳಗೆ ಅದು ನಡೆಯದು, ಕಂಟೆಂಟ್‌ಎಡಿಟಬಲ್ ಬೇಕು. ಗೆರೆಯನ್ನು ತುಸು ಕೆಳಗೆ ತಳ್ಳಿ, ಇಲ್ಲದಿದ್ದರೆ ಒತ್ತಕ್ಷರಗಳ ಮೈಮೇಲೆಯೇ ಬೀಳುತ್ತದೆ.

ಲಿಪ್ಯಂತರ ಕೀಲಿಮಣೆಯಲ್ಲಿ ಬರೆಯುವಾಗ ಅಕ್ಷರ ಇಮ್ಮಡಿಯಾದರೆ ಅಥವಾ ಗುಣಿತ ಉದುರಿದರೆ, ಅಕ್ಷರ ಇನ್ನೂ ರೂಪುಗೊಳ್ಳುತ್ತಿರುವಾಗಲೇ ನಿಮ್ಮ ಕೋಡ್ ಪಠ್ಯಕ್ಕೆ ಕೈಹಾಕುತ್ತಿದೆ. ಈಸ್‌ಕಂಪೋಸಿಂಗ್ ನಿಜವಾಗಿರುವಷ್ಟು ಹೊತ್ತು ಸುಮ್ಮನಿರಬೇಕು.

ಪುಟ ತೆರೆದೊಡನೆ ಟ್ಯಾಬ್ ಹೆಪ್ಪುಗಟ್ಟಿದರೆ ಲೈಬ್ರರಿಯ ಮೇಲೆ ಅನುಮಾನಪಡಿ. ಟೈಪೋ.ಜೆಎಸ್‌ನಂಥವು ಆಫ್ ನಿಯಮಗಳನ್ನು ಆಗಲೇ ಬಿಡಿಸಿ ಎಲ್ಲ ರೂಪಗಳನ್ನೂ ಮೆಮೊರಿಯಲ್ಲಿ ಹರಡುತ್ತವೆ. ಇಂಗ್ಲಿಷಿಗೆ ಅದು ನಡೆಯುತ್ತದೆ. ಕನ್ನಡದ ಒಂದು ನಾಮಪದಕ್ಕೆ 2 ವಚನ, 7 ವಿಭಕ್ತಿ, ಕೊನೆಯ ಅವ್ಯಯಗಳಿಗೆ 5 ಬಗೆ ಎಂದರೂ 70 ರೂಪ. 20,000 ನಾಮಪದಗಳಿದ್ದರೆ 14 ಲಕ್ಷ. ಕ್ರಿಯಾಪದಗಳನ್ನು ಇನ್ನೂ ಎಣಿಸಿಲ್ಲ. ವೆಬ್ ವರ್ಕರ್‌ಗೆ ಹಾಕಿದರೆ ಪುಟ ನಿಲ್ಲುವುದಿಲ್ಲ, ಮೆಮೊರಿ ಮಾತ್ರ ಅಷ್ಟೇ ಹೋಗುತ್ತದೆ. ನಿಜವಾದ ಹನ್‌ಸ್ಪೆಲ್ಲನ್ನು ವೆಬ್‌ಅಸೆಂಬ್ಲಿಯಾಗಿ ಅಥವಾ ಸರ್ವರಿನಲ್ಲಿ ಓಡಿಸುವುದೇ ಕನ್ನಡಕ್ಕೆ ತಕ್ಕ ದಾರಿ.

"ತಪ್ಪು ಪದಕ್ಕೂ ಸರಿ ಎನ್ನತೊಡಗಿದೆ"

ಸರ್ವರ್ ವಿಫಲವಾದಾಗ ನಿಮ್ಮ ಕೋಡ್ ಖಾಲಿ ಪಟ್ಟಿ ಕೊಟ್ಟು "ತಪ್ಪಿಲ್ಲ" ಎನ್ನುತ್ತಿದೆಯೇ ಮೊದಲು ನೋಡಿ. ಅದಲ್ಲದಿದ್ದರೆ ಹನ್‌ಸ್ಪೆಲ್ಲನ್ನು ಪೈಪ್ ಮೂಲಕ ಬಳಸುತ್ತಿದ್ದೀರಾ ನೋಡಿ. ಆ ವಿಧಾನದಲ್ಲಿ ಸಾಲಿನ ಮೊದಲ ಗುರುತು ಆದೇಶವಾಗುತ್ತದೆ: ನಕ್ಷತ್ರದಿಂದ ಶುರುವಾದ ಸಾಲಿನ ಪದ ಖಾಸಗಿ ನಿಘಂಟಿಗೆ ಸೇರುತ್ತದೆ, ಹ್ಯಾಶ್ ಗುರುತು ಅದನ್ನು ಉಳಿಸುತ್ತದೆ. ಬಳಕೆದಾರರು ನಕ್ಷತ್ರ ಹಾಕಿ ಪಟ್ಟಿ ಬರೆಯುತ್ತಾರೆ, ಹ್ಯಾಶ್‌ಟ್ಯಾಗ್ ಬರೆಯುತ್ತಾರೆ. ಅವರ ಕಾಗುಣಿತ ದೋಷಗಳು ಒಂದೊಂದಾಗಿ ನಿಮ್ಮ ನಿಘಂಟಿಗೆ ಪ್ರವೇಶ ಪಡೆಯುತ್ತವೆ. ಪ್ರತಿ ಸಾಲಿನ ಮುಂದೆ ಕ್ಯಾರೆಟ್ ಗುರುತು (^) ಹಾಕಿ ಕಳಿಸಿ, ಖಾಸಗಿ ನಿಘಂಟು ತೆರೆದು ಕಸ ಗುಡಿಸಿ.

ಎಚ್ಚರಿಕೆ: ಬಳಕೆದಾರನ ಪಠ್ಯವನ್ನು ಶೆಲ್ ಆದೇಶದ ಸಾಲಿಗೆ ಸೇರಿಸಿ ಹನ್‌ಸ್ಪೆಲ್ ಕರೆಯುತ್ತಿದ್ದರೆ ಉಳಿದೆಲ್ಲ ಬಿಟ್ಟು ಇದನ್ನು ಮೊದಲು ನಿಲ್ಲಿಸಿ. ಪಠ್ಯದೊಳಗೆ ಆದೇಶ ಅಡಗಿಸಿ ಕಳಿಸಿದವನು ಸರ್ವರನ್ನೇ ಹಿಡಿಯಬಲ್ಲ. ಭಾಷೆಯ ಹೆಸರನ್ನು ಕೋರಿಕೆಯಿಂದ ತೆಗೆದು ಹಾಗೇ ಕಡತದ ದಾರಿಗೆ ಜೋಡಿಸಬೇಡಿ, ಗೊತ್ತಿರುವ ಪಟ್ಟಿಯಿಂದಲೇ ಆರಿಸಿ. ಸಲಹೆಗಳನ್ನು ತೋರಿಸುವಾಗ ಇನ್ನರ್‌ಎಚ್‌ಟಿಎಂಎಲ್ ಬೇಡ, ಬರೀ ಪಠ್ಯವಾಗಿ ಹಾಕಿ.

"ಮೊನ್ನೆಯವರೆಗೂ ಇತ್ತು, ಅಪ್‌ಗ್ರೇಡ್ ಆದ ಮೇಲೆ ಹೋಯಿತು"

ಪಿಎಚ್‌ಪಿ 8.4ಕ್ಕೆ ಏರಿದ್ದರೆ ಪಿಸ್ಪೆಲ್ ಎಂಬ ಸ್ಪೆಲ್‌ಚೆಕ್ ವಿಸ್ತರಣೆ ಮುಖ್ಯ ಕಟ್ಟಿನಿಂದ ಹೊರಬಿದ್ದು ಪಿಇಸಿಎಲ್‌ಗೆ (ಪಿಎಚ್‌ಪಿಯ ಹೊರ ವಿಸ್ತರಣೆಗಳ ಭಂಡಾರ) ಹೋಗಿದೆ. ಬೇರೆಯಾಗಿ ಹಾಕಬೇಕು, ಇಲ್ಲವೇ ಎನ್‌ಚಾಂಟ್ ಎಂಬ ಇನ್ನೊಂದು ಸ್ಪೆಲ್‌ಚೆಕ್ ವಿಸ್ತರಣೆಗೆ ಬದಲಾಗಬೇಕು. ಟೈನಿಎಂಸಿಇ 6ರಲ್ಲಿ ಹಳೆಯ ಉಚಿತ ಸ್ಪೆಲ್‌ಚೆಕರ್ ಪ್ಲಗಿನ್ ಇಲ್ಲ. ಇನ್ನೂ ಹಳೆಯ ಕೋಡಿನಲ್ಲಿ ಗೂಗಲ್ ಟೂಲ್‌ಬಾರಿನ ಸ್ಪೆಲ್ ವಿಳಾಸ ಕಂಡರೆ ಅದು ಎಂದೋ ಮುಚ್ಚಿದೆ.

"ಪಾಸ್‌ವರ್ಡ್ ಕೆಳಗೆ ಕೆಂಪು ಗೆರೆ ಕಂಡಿತು"

ಇದನ್ನು ಯಾರೂ ದೋಷವೆಂದು ವರದಿ ಮಾಡುವುದಿಲ್ಲ, ಆದರೆ ಈ ಕೈಪಿಡಿಯಲ್ಲಿ ಅತಿ ಗಂಭೀರವಾದದ್ದು ಇದೇ. "ಪಾಸ್‌ವರ್ಡ್ ತೋರಿಸು" ಒತ್ತಿದಾಗ ಪೆಟ್ಟಿಗೆಯ ಟೈಪ್ ಪಾಸ್‌ವರ್ಡ್‌ನಿಂದ ಟೆಕ್ಸ್ಟ್‌ಗೆ ಬದಲಾಗುತ್ತದೆ, ಆಗ ಸ್ಪೆಲ್‌ಚೆಕ್ ಅದನ್ನು ಓದಬಹುದು. ಕ್ರೋಮ್‌ನ ವರ್ಧಿತ ಸ್ಪೆಲ್‌ಚೆಕ್ ಆನ್ ಮಾಡಿಕೊಂಡವರ ಪಠ್ಯ ಗೂಗಲ್‌ನ ಸರ್ವರಿಗೆ ಹೋಗುತ್ತದೆ. ಮೈಕ್ರೋಸಾಫ್ಟ್ ಎಡಿಟರ್ ಬಳಸುವವರದ್ದು ಮೈಕ್ರೋಸಾಫ್ಟ್‌ಗೆ. 2022ರ ಸೆಪ್ಟೆಂಬರಿನಲ್ಲಿ ಒಟ್ಟೋ-ಜೆಎಸ್ ಎಂಬ ಭದ್ರತಾ ಸಂಸ್ಥೆ ಇದನ್ನು ಬಯಲಿಗೆಳೆದು "ಸ್ಪೆಲ್-ಜಾಕಿಂಗ್" ಎಂದು ಹೆಸರಿಟ್ಟಿತು.

ಪಾಸ್‌ವರ್ಡ್, ಒಟಿಪಿ, ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಸಂಖ್ಯೆಯ ಪೆಟ್ಟಿಗೆಗಳಿಗೆ ಸ್ಪೆಲ್‌ಚೆಕ್ "ಫಾಲ್ಸ್" ಎಂದು ಬರೆಯಿರಿ. ರಿಯಾಕ್ಟ್‌ನಲ್ಲಿ ಈ ಹೆಸರಿನ ನಡುವಿನ ಸಿ ದೊಡ್ಡಕ್ಷರ. ನಿಮ್ಮದೇ ಸರ್ವರಿಗೆ ಪಠ್ಯ ಕಳಿಸುವ ಸ್ಪೆಲ್‌ಚೆಕ್ ಇದ್ದರೆ ಲಾಗ್ ಕಡತ ತೆರೆದು ನೋಡಿ. ಜನರ ಅರ್ಧ ಬರೆದ ಪತ್ರಗಳೆಲ್ಲ ಅಲ್ಲಿ ಬಿದ್ದಿರಬಹುದು. ಮೂರನೆಯವರ ಸೇವೆಗೆ ಕಳಿಸುತ್ತಿದ್ದರೆ ಅದು ಕೋಡಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಲ್ಲವರನ್ನು ಕೇಳದೆ ಮುಂದುವರಿಯಬೇಡಿ. ಆಸ್ಪತ್ರೆ, ಬ್ಯಾಂಕ್, ಕೋರ್ಟ್ ಕಡತಗಳ ಆಪ್ ಆಗಿದ್ದರೆ ಉತ್ತರ ಸಿಗುವವರೆಗೆ ಸ್ಪೆಲ್‌ಚೆಕ್ ಆಫ್ ಇಡಿ.

ಸಹಾಯ ಕೇಳುವ ಮೊದಲು

ನಿಘಂಟಿನ ನಿರ್ವಾಹಕರಿಗೋ ಲೈಬ್ರರಿ ಬರೆದವರಿಗೋ ಬರೆಯುವಾಗ ಇಷ್ಟು ಜೊತೆಗಿರಲಿ: ಕಾಪಿ ಮಾಡಿದ ಪದ ಮತ್ತು ಅದರ ಪ್ರತಿ ಚಿಹ್ನೆಯ ಅಂಕೆ, ಅದೇ ಪದ ಆದೇಶ ಸಾಲಿನ ಹನ್‌ಸ್ಪೆಲ್‌ನಲ್ಲಿ ಏನಾಯಿತು, ಬ್ರೌಸರ್ ಮತ್ತು ಆಪರೇಟಿಂಗ್ ಸಿಸ್ಟಮ್‌ನ ಆವೃತ್ತಿ, ಯಾವ ಕೀಲಿಮಣೆಯಲ್ಲಿ ಟೈಪ್ ಮಾಡಿದ್ದು. ಆದೇಶ ಸಾಲಿನಲ್ಲೂ ತಪ್ಪೆಂದರೆ ನಿಘಂಟಿನವರಿಗೆ ಬರೆಯಿರಿ. ಅಲ್ಲಿ ಸರಿ, ಪುಟದಲ್ಲಿ ತಪ್ಪು ಎಂದಾದರೆ ಅವರನ್ನು ಕಾಡಬೇಡಿ, ದೋಷ ನಿಮ್ಮ ಕೋಡಿನಲ್ಲೇ ಇದೆ. ಪದ ಕತ್ತರಿಸುವ ಭಾಗಕ್ಕೆ ಹಿಂತಿರುಗಿ.